ಹದಿನಾಲ್ಕು ಬಾವಿ, ಒಂದೇ ನೀರು

ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಅಜ್ಜಿಯ ಒಂದು ಕೈಯಲ್ಲಿ ಮುಚ್ಚಳದ ಸ್ಟೀಲ್ ಕ್ಯಾನ್ ಇತ್ತು, ಇನ್ನೊಂದರಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ಹಾಲು ಮಾರಲು ಬಂದವಳೆಂದುಕೊಂಡ ಪಹರೆಯವನು, “ಇವತ್ತು ಬೇಡ ಅಜ್ಜಿ, ನಾಳೆ ಬನ್ನಿ” ಎಂದ. ಅಜ್ಜಿ ಕ್ಯಾನನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

“ಹಾಲಲ್ಲಪ್ಪ, ನೀರು. ಇದರ ಮೇಲೆ ಕಂಪ್ಲೇಂಟ್ ಬರ್ಕೋ.”

ಠಾಣೆಗೆ ಠಾಣೆಯೇ ನಕ್ಕಿತು. ನಗದೆ ಉಳಿದವರು ಇಬ್ಬರೇ: ಅಜ್ಜಿ, ಮತ್ತು ಸದ್ದು ಕೇಳಿ ಒಳಕೋಣೆಯ ಬಾಗಿಲಿಗೆ ಬಂದು ನಿಂತ ಇನ್ಸ್‌ಪೆಕ್ಟರ್. ಈ ಇನ್ಸ್‌ಪೆಕ್ಟರ್ ಹೆಂಗಸಿನ ತಲೆಗೆ ಯಾರಾದರೂ ಒಂದು ಹುಳ ಬಿಟ್ಟರೆ ಮುಗಿಯಿತು, ಅದು ಹೊರಗೆ ಬೀಳುವ ತನಕ ಊಟ ಸೇರದು, ನಿದ್ದೆ ಹತ್ತದು. ಚಿಕ್ಕವಳಿದ್ದಾಗ ಮನೆಯ ಹೊಲಿಗೆ ಯಂತ್ರವನ್ನು ಬಿಚ್ಚಿ ಹರಡಿ, ಮತ್ತೆ ಜೋಡಿಸಿದ ಮೇಲೆ ಕೈಯಲ್ಲಿ ಒಂದು ಸ್ಕ್ರೂ ಉಳಿದು, ಅಪ್ಪನಿಂದ ಸರಿಯಾಗಿ ಏಟು ತಿಂದವಳು. ನೀರಿನ ಮೇಲೆ ದೂರು ಎಂಬುದನ್ನು ಆಕೆ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಕೇಳಿರಲಿಲ್ಲ.

“ಒಳಗೆ ಬನ್ನಿ ಅಮ್ಮ. ಮೊದಲಿಂದ ಹೇಳಿ.”

“ನನ್ನ ಮಗಳ ಕೂಸು ನೀಲಿ ಆಗೋಯ್ತು.”

“ನೀಲಿ ಅಂದ್ರೆ?”

“ಶನಿವಾರ ಬೆಳಿಗ್ಗೆ ತುಟಿ, ಆಮೇಲೆ ಉಗುರು. ಮಸಿ ಬಳಿದ ಹಾಗೆ.”

“ವಯಸ್ಸು?”

“ಎರಡು ತಿಂಗಳು. ಮಗಳಿಗೆ ಜ್ವರ ಹತ್ತಿ ಮಾತ್ರೆ ಜಾಸ್ತಿ ಆಯ್ತು, ಎದೆಹಾಲು ಕೊಡಬೇಡ ಅಂದರು. ಮೂರು ವಾರದ ಹಿಂದೆ ಕೂಸನ್ನ ಎತ್ಕೊಂಡು ನನ್ನ ಮನೆಗೆ ಬಂದಳು. ಡಬ್ಬಿ ಪುಡಿ ಕಲಸಿ ಕುಡಿಸ್ತಿದ್ವಿ.”

“ಕಲಸ್ತಿದ್ದಿದ್ದು ಯಾರು?”

ಅಜ್ಜಿ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ತೋರಿಸಿದಳು. “ಈ ಕೈ. ನಮ್ಮ ಬಾವಿ ನೀರು. ಡಾಕ್ಟರು ನೀರಲ್ಲಿ ಗೊಬ್ಬರದ ವಿಷ ಇದೆ ಅಂದರು. ಅಳಿಯ ನನ್ನ ಮುಖ ನೋಡ್ತಿಲ್ಲ ತಾಯಿ. ನಿಮ್ಮ ಕೈಗೆ ಕೊಟ್ಟಿದ್ದೇ ತಪ್ಪು ಅಂದ. ಮಗಳೂ ಸುಮ್ಮನೇ ಇದ್ದಳು.” ಆಮೇಲೆ ಕಾಗದ ಬಿಡಿಸಿದಳು. “ಐದು ವಾರದ ಹಿಂದೆ ಸರ್ಕಾರದೋರೇ ನೀರು ತಗೊಂಡೋಗಿ ನೋಡಿ ಕೊಟ್ಟಿದ್ದು. ಓದಿ.”

ಕಾಗದದಲ್ಲಿ ಬಾವಿ ಸಂಖ್ಯೆ ಹನ್ನೆರಡು, ಕುಡಿಯಲು ಯೋಗ್ಯ ಎಂದಿತ್ತು. ಕೆಳಗೆ ನೀಲಿ ಮೊಹರು.

“ಡಾಕ್ಟರು ಸುಳ್ಳೋ, ಕಾಗದ ಸುಳ್ಳೋ? ಎರಡರಲ್ಲಿ ಒಂದು ಆಗಿರಲೇಬೇಕಲ್ಲ? ಅದನ್ನ ನೀವು ಕಂಡುಹಿಡಿದು ನಮ್ಮ ಅಳಿಯನ ಮುಂದೆ ಹೇಳಿ. ಅಷ್ಟೇ ನನ್ನ ಕಂಪ್ಲೇಂಟು.”

ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿದಳು. ಮಗುವಿಗೆ ಔಷಧಿ ಹಿಡಿದಿದೆ, ಆದರೆ ಇನ್ನೂ ಒಂದು ದಿನ ಏನೂ ಹೇಳಲಾಗದು ಎಂದರು ಡಾಕ್ಟರ್. ಹೊಲಕ್ಕೆ ಸುರಿದ ಯೂರಿಯಾ, ಕೊಟ್ಟಿಗೆಯ ಗಂಜಲ ಎಲ್ಲ ಮಣ್ಣಿಗಿಳಿದು ಬಾವಿ ಸೇರಿದರೆ ನೀರಿನಲ್ಲಿ ನೈಟ್ರೇಟ್ ಏರುತ್ತದೆ. ದೊಡ್ಡವರಿಗೆ ಒಮ್ಮೆಗೇ ಏನೂ ಗೊತ್ತಾಗುವುದಿಲ್ಲ, ಹಸುಗೂಸಿನ ರಕ್ತ ಮಾತ್ರ ಉಸಿರು ಹೊರಲಾರದೆ ಸೋಲುತ್ತದೆ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ಮಿತಿ. ಆ ಮನೆಯ ನೀರನ್ನು ಶನಿವಾರವೇ ಪರೀಕ್ಷೆ ಮಾಡಿಸಿದ್ದರು, ನೂರ ಮೂವತ್ತೆಂಟು ಬಂದಿತ್ತು.

“ಊರಲ್ಲಿ ಬೇರೆ ಹಸುಗೂಸುಗಳಿವೆಯಾ ಅಮ್ಮ?”

“ಇನ್ನೆರಡು ಮನೇಲಿವೆ. ಅವೂ ಡಬ್ಬಿ ಹಾಲೇ. ಇನ್ನೊಬ್ಬಳಿಗೆ ದಿನ ತುಂಬಿದೆ.”

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ‘ಅಪರಿಚಿತ’ ಎಂದು ಬರೆದವನು ಹೆಡ್ ಕಾನ್‌ಸ್ಟೇಬಲ್. ಅವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ಸ್ಟೇಷನ್ ಡೈರಿಯಲ್ಲಿ ಟೀ ಬಂದ ಹೊತ್ತನ್ನೂ ಬರೆದು ಮೇಲಿನವರಿಂದ ಮೆಮೊ ತಿಂದವನು, ಆ ಮೆಮೊ ಬಂದ ಹೊತ್ತನ್ನೂ ಬರೆದಿಟ್ಟಿದ್ದ.

ಹನ್ನೊಂದು ಮುಕ್ಕಾಲಿಗೆ ಇನ್ಸ್‌ಪೆಕ್ಟರ್, ಗಡಿಯಾರ ಇಬ್ಬರೂ ನೀರು ಪರೀಕ್ಷೆಯ ಲ್ಯಾಬಿನಲ್ಲಿದ್ದರು. ಉದ್ದನೆಯ ಕೋಣೆ, ಬಿಳಿ ಟೈಲ್ಸಿನ ಕಟ್ಟೆ, ಗೋಡೆಯುದ್ದಕ್ಕೂ ಕೊರಳಿಗೆ ಚೀಟಿ ಕಟ್ಟಿಕೊಂಡ ಬಾಟಲಿಗಳು. ಲ್ಯಾಬಿನ ಹುಡುಗಿ ಕೈಗವಸು ಕಳಚುತ್ತಲೇ ಮಾತಾಡಿದಳು. ನೈಟ್ರೇಟ್ ಅಳೆಯುವ ಯಂತ್ರದ ದೀಪ ಶನಿವಾರ ಸಂಜೆ ಸುಟ್ಟುಹೋಗಿತ್ತು, ಹೊಸದು ಬರುವುದು ಬುಧವಾರ.

“ಅಲ್ಲಿ ತನಕ ಯಾವ ಬಾವಿ ಒಳ್ಳೇದು ಅಂತ ಗೊತ್ತಾಗಲ್ವಾ?”

“ಗೊತ್ತಾಗಲ್ಲ ಮೇಡಂ. ಟ್ಯಾಂಕರ್ ಕೇಳಿದೀವಿ, ನಾಳೆ ಸಂಜೆ ಅಂದಿದಾರೆ.”

“ಕುದಿಸಿ ಕುಡಿದರೆ?”

“ಅಯ್ಯೋ ಬೇಡ! ಕುದಿಸಿದರೆ ನೀರು ಆವಿಯಾಗಿ ಹೋಗುತ್ತೆ, ನೈಟ್ರೇಟ್ ಅಲ್ಲೇ ಉಳಿಯುತ್ತೆ. ಇನ್ನೂ ಗಟ್ಟಿಯಾಗುತ್ತೆ.”

ಗಡಿಯಾರ ಇನ್ಸ್‌ಪೆಕ್ಟರ್ ಮುಖ ನೋಡಿದ. ಅಜ್ಜಿಯ ಹೇಳಿಕೆಯಲ್ಲಿ, ಕೂಸಿನ ನೀರನ್ನು ಅರ್ಧಕ್ಕಿಳಿಯುವಷ್ಟು ಕುದಿಸುತ್ತಿದ್ದೆ ಎಂಬ ಮಾತೊಂದಿತ್ತು. ಇನ್ಸ್‌ಪೆಕ್ಟರಿಗೆ ಸಂಕಟವಾಯಿತು. ಊರಿಗೆಲ್ಲ ಸೇರಿಸಿ ಹೇಳಬೇಕು, ಆಯಮ್ಮನಿಗೆ ಮಾತ್ರ ಬೇರೆಯಾಗಿ ಹೇಳಬಾರದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು.

ದಪ್ಪ ಪುಸ್ತಕ ಬಂತು. ಐದು ವಾರದ ಹಿಂದಿನ ತಾರೀಖಿನ ಎಂಬತ್ತು ಬಾಟಲಿಗಳ ನಡುವೆ ಆ ಊರಿನ ಹದಿನಾಲ್ಕು ಚದುರಿ ಕೂತಿದ್ದವು. ಇನ್ಸ್‌ಪೆಕ್ಟರ್ ಆ ಊರಿನ ಬಾಟಲಿ ನಂಬರುಗಳನ್ನು ಆಫೀಸಿನಿಂದ ಕೇಳಿಕೊಂಡು ಒಂದೊಂದನ್ನೇ ಹೆಕ್ಕಿ ಬೇರೆ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಸಿದಳು. ನೈಟ್ರೇಟ್ ಆರು, ಆರು, ಆರು. ಲವಣದ ಅಂಕಿ ನೂರ ತೊಂಬತ್ತರ ಆಚೆ ಈಚೆ. ಲ್ಯಾಬಿನ ಹುಡುಗಿಯ ಪೆನ್ನು ಎಂಟನೇ ಸಾಲಿಗೇ ನಿಂತಿತು.

“ಇದು ಸಾಧ್ಯಾನೇ ಇಲ್ಲ ಮೇಡಂ. ಅಕ್ಕಪಕ್ಕದ ಬಾವಿಗಳೂ ಹೀಗಿರಲ್ಲ. ಅಣ್ಣತಮ್ಮಂದಿರ ಮುಖ ಹೋಲಬಹುದು, ಹದಿನಾಲ್ಕು ಜನರ ಮುಖ ಒಂದೇ ಅಂದ್ರೆ?”

“ಒಂದೇ ಬಾವಿ ನೀರು ಅಂತೀರಾ?”

“ಒಂದೇ ಬಕೆಟ್ಟಿಂದು ಅಂದರೂ ಆಶ್ಚರ್ಯ ಇಲ್ಲ.”

“ಮೊದಲೇ ಯಾಕೆ ಗೊತ್ತಾಗಲಿಲ್ಲ?”

“ನಮಗೆ ಬಾಟ್ಲಿ ನಂಬರ್ ಮಾತ್ರ ಕಾಣೋದು. ಯಾವ ಊರು, ಯಾವ ಬಾವಿ ಅನ್ನೋ ಫಾರಂ ಆಫೀಸಲ್ಲಿರುತ್ತೆ. ಪಕ್ಷಪಾತ ಆಗಬಾರದು ಅಂತ ಹಾಗೆ ಮಾಡಿರೋದು.”

“ಬಾಟ್ಲಿ ತುಂಬೋರು ಯಾರು?”

ಹುಡುಗಿಯ ಮುಖ ಸಪ್ಪಗಾಯಿತು. “ಬಾಟ್ಲಿಯಣ್ಣ. ಅವರು ಹೀಗೆ ಮಾಡಲ್ಲ ಮೇಡಂ. ಮೂವತ್ತು ವರ್ಷದಿಂದ ಮಾಡ್ತಿದಾರೆ. ಅದೇ ನೀರಲ್ಲಿ ಮೂರು ಸಲ ಬಾಟ್ಲಿ ತೊಳೀಬೇಕು ಅನ್ನೋ ನಿಯಮ ಇದೆಯಲ್ಲ, ಬೇರೆಯೋರು ಒಂದು ಸಲ ಅಲ್ಲಾಡಿಸಿ ಚೆಲ್ತಾರೆ, ಅವರು ಮೂರು ಅಂದ್ರೆ ಮೂರೇ. ನನಗೆ ಕೆಲಸ ಕಲಿಸಿದ್ದೇ ಅವರು. ಹೆಸರಿಗೆ ಬಾಟ್ಲಿಯಣ್ಣ, ಒಂದು ತೊಟ್ಟು ಮುಟ್ಟಿದವರಲ್ಲ. ಗುರುವಾರದಿಂದ ಬೇರೆ ಊರುಗಳ ಕಡೆ ಹೋಗಿದಾರೆ, ಫೋನ್ ಸಿಗ್ತಿಲ್ಲ. ಇವತ್ತು ಸಂಜೆ ಬರಬೇಕು. ಬಾವಿ ಹತ್ರಾನೇ ಅದ್ದಿ ನೈಟ್ರೇಟ್ ನೋಡೋ ಕಾಗದದ ಪಟ್ಟಿ ಕಟ್ಟು ಕೂಡ ಅವರ ಚೀಲದಲ್ಲೇ ಇರೋದು.”

ಗೊಬ್ಬರದ ಅಂಗಡಿಯವರು ದಾರಿಯಲ್ಲಿ ಬಾಟಲಿ ಬದಲಾಯಿಸಿರಬಹುದು ಎಂದು ಗಡಿಯಾರ ತನ್ನ ಊಹೆ ಮುಂದಿಟ್ಟ. ಮುಚ್ಚಳದ ಮೊಹರು ಒಂದೂ ಒಡೆದಿರಲಿಲ್ಲ ಎಂದು ಪುಸ್ತಕ ಹೇಳಿತು. ಹಾಗಾಗಿ ಆ ಊಹೆ ಅಲ್ಲೇ ಮಲಗಿತು.

ಆಫೀಸಿನಿಂದ ಫಾರಂಗಳ ಕಟ್ಟು ತರಿಸಿದರು. ಬಾಟಲಿಯಣ್ಣನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹೊತ್ತು ಬರೆದ ಕಲಂ ನೋಡಿ ಗಡಿಯಾರನಿಗೆ ಅವನ ಮೇಲೆ ಪ್ರೀತಿಯೇ ಹುಟ್ಟಿತು: ಒಂದನೇ ಬಾವಿ ಏಳು ಹತ್ತು, ಕೊನೆಯದು ಹನ್ನೆರಡು ನಲವತ್ತು. ಇನ್ಸ್‌ಪೆಕ್ಟರ್ ಕಣ್ಣು ಮಾತ್ರ ಅದರ ಪಕ್ಕದ ಕಲಮಿಗೆ ಅಂಟಿಕೊಂಡಿತು.

“ಇದೇನಿದು, ಉಷ್ಣಾಂಶ?”

“ನೀರು ಸೇದಿದ ತಕ್ಷಣ ಥರ್ಮಾಮೀಟರ್ ಅದ್ದಿ ಬರೀಬೇಕು,” ಎಂದಳು ಹುಡುಗಿ. “ಯಾರೂ ನೋಡಲ್ಲ. ಸುಮಾರು ಜನ ಬಾಯಿಗೆ ಬಂದಿದ್ದು ಬರೀತಾರೆ.”

ಬಾಯಿಗೆ ಬಂದದ್ದು ಬರೆದವನು ಒಂದಕ್ಕೆ ಇಪ್ಪತ್ತೊಂದು, ಇನ್ನೊಂದಕ್ಕೆ ಇಪ್ಪತ್ತನಾಲ್ಕು ಎಂದು ಬರೆದು ನಂಬಿಸುತ್ತಾನೆ. ಇಲ್ಲಿ ಹದಿನಾಲ್ಕು ಹಾಳೆಯಲ್ಲೂ ಇಪ್ಪತ್ತೆರಡೂವರೆ. ಬಾವಿ, ಹೊತ್ತು ಎರಡರಲ್ಲೂ ಸುಳ್ಳು ಬರೆದ ಮನುಷ್ಯ ಥರ್ಮಾಮೀಟರನ್ನು ಹದಿನಾಲ್ಕು ಸಲ ನಿಜವಾಗಿ ಅದ್ದಿದ್ದ, ಅದು ತೋರಿಸಿದ್ದನ್ನೇ ಬರೆದಿದ್ದ. ಮೂವತ್ತು ವರ್ಷ ಪಳಗಿದ ಕೈಗೆ ಅಲ್ಲೊಂದು ಕಡೆ ಸುಳ್ಳು ಒಗ್ಗಿರಲಿಲ್ಲ. ಇಂಥ ಕಳ್ಳನನ್ನು ಇನ್ಸ್‌ಪೆಕ್ಟರ್ ಎಂದೂ ಕಂಡಿರಲಿಲ್ಲ. ಅವನ ಮೇಲೆ ಕೋಪ ಬರುವುದಕ್ಕೆ ಮುಂಚೆ ಕುತೂಹಲ ಬಂತು.

“ಥರ್ಮಾಮೀಟರು, ಲವಣದ ಮೀಟರು ಎರಡನ್ನೂ ಕೊಡಿ. ರಸೀದಿ ಬರ್ಕೊಡ್ತೀವಿ.”

ಮಧ್ಯಾಹ್ನ ಒಂದೂವರೆಯಿಂದ ಪೊಲೀಸ್ ಜೀಪು ಆ ಊರಿನ ಬಾವಿಯಿಂದ ಬಾವಿಗೆ ಅಲೆಯಿತು. ಊರ ಸುತ್ತ ಆಲೂಗಡ್ಡೆಯ ಹೊಲ, ಹೊಲಗಳ ನಡುವೆ ಮನೆ, ಮನೆಗೊಂದು ಬಾವಿ. ಕೂಸಿನ ನೀರನ್ನು ಕುದಿಸಬೇಡಿ, ಯಾವ ಬಾವಿ ಒಳ್ಳೆಯದೆಂದು ಇನ್ನೂ ಗೊತ್ತಿಲ್ಲ ಎಂದು ಪ್ರತಿ ಮನೆಯಲ್ಲೂ ಹೇಳಿದರು. ಗಡಿಯಾರ ಬಕೆಟ್ ಸೇದಿ ಸೇದಿ ಸೊಂಟ ಹಿಡಿದುಕೊಂಡ. “ಪೊಲೀಸ್ ಕೆಲಸ ಅಂತ ಸೇರಿದ್ದು ಮೇಡಂ, ನೀರು ಸೇದೋಕೆ ಅಂತ ಗೊತ್ತಿದ್ರೆ ಮನೇಲೇ ಇರ್ತಿದ್ದೆ. ಅಲ್ಲೂ ಇದೇ ಕೆಲಸ.” ಅಜ್ಜಿಯ ಬಾವಿ ಹನ್ನೆರಡೇ ಅಡಿ, ಬಿಸಿಲಿಗೆ ಬಾಯಿ ತೆರೆದಿತ್ತು, ಇಪ್ಪತ್ತನಾಲ್ಕೂ ಮುಕ್ಕಾಲು. ಗಿರಣಿಯ ಪಕ್ಕದ ಆಳದ ಬಾವಿ ಇಪ್ಪತ್ತೊಂದು. ಲವಣ ಎಲ್ಲದರಲ್ಲೂ ಐನೂರರ ಮೇಲೆ. ಹದಿನಾಲ್ಕೂ ಮುಗಿದವು, ಇಪ್ಪತ್ತೆರಡೂವರೆಯೂ ನೂರ ತೊಂಬತ್ತೂ ಜೊತೆಯಾಗಿ ಒಂದರಲ್ಲೂ ಸಿಗಲಿಲ್ಲ.

ಹಾಗಾದರೆ ಆ ಒಳ್ಳೆಯ ನೀರು ಎಲ್ಲಿಂದ ಬಂತು? ಇನ್ಸ್‌ಪೆಕ್ಟರ್ ಜೀಪಿನ ಬಾನೆಟ್ಟಿಗೆ ಒರಗಿ ಯೋಚಿಸುತ್ತಿದ್ದಾಗ ಗಡಿಯಾರ ತನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದ.

“ಮೇಡಂ, ಬಾವಿ ಹದಿನಾಲ್ಕು. ಕೊನೇ ನಂಬರ್ ಹದಿನೈದು.”

ಎಂಟು ಆದ ಮೇಲೆ ಹತ್ತು. ನಡುವೆ ಒಂಬತ್ತು ಇರಲಿಲ್ಲ.

ಗಿರಣಿಯವನನ್ನು ಕೇಳಿದರು. ಅವನು ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ, “ಒಂಬತ್ತಾ? ಅದು ಲೆಕ್ಕಕ್ಕಿಲ್ಲ ಬಿಡಿ. ದಿಣ್ಣೆ ಮೇಲಿನ ಮನೆ. ಒಂಬತ್ತು ವರ್ಷದ ಹಿಂದೆ ಬಾವಿಗೆ ಕೆಂಪು ಬಳಿದರು, ಅವರು ಊರು ಬಿಟ್ಟರು. ಹೊಲಾನೂ ಬೀಳು ಬಿದ್ದಿದೆ,” ಎಂದ.

“ಕೆಂಪು ಅಂದ್ರೆ?”

“ನೀರು ಕೆಟ್ಟಿದ್ರೆ ಬಾವಿಕಟ್ಟೆಗೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೀತಾರೆ.”

“ಎಳೆದಿದ್ದು ಯಾರು?”

“ಬಾಟ್ಲಿಯಣ್ಣನೇ. ಪಾಪ, ಸ್ವಂತ ತಂಗಿ ಮನೆ ಅದು.”

ನಾಲ್ಕು ಐವತ್ತಕ್ಕೆ ಗಿರಣಿಯವನನ್ನೂ ಅಂಚೆಯವನನ್ನೂ ಪಂಚರನ್ನಾಗಿ ಕರೆದುಕೊಂಡು ದಿಣ್ಣೆ ಹತ್ತಿದರು. ಮನೆಯ ಬಾಗಿಲಿಗೆ ಬೀಗ, ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು. ಬಾವಿಕಟ್ಟೆ ಮಾತ್ರ ಈಗ ತಾನೇ ಗುಡಿಸಿದಂತಿತ್ತು. ಗಡಗಡೆಗೆ ಎಣ್ಣೆ ಬಿದ್ದಿತ್ತು, ಹಗ್ಗ ಹೊಸದು. ಕಲ್ಲಿನ ಮೇಲೆ ಮಾಸಿದ ಕೆಂಪು ಗೆರೆ. ಗಡಿಯಾರ ಬಕೆಟ್ ಇಳಿಸಿ ಸೇದಿದ, ಇನ್ಸ್‌ಪೆಕ್ಟರ್ ಮೀಟರು ಅದ್ದಿದಳು. ನೂರ ತೊಂಬತ್ತೊಂದು. ಹಗಲು ಕಂಡ ಬಾವಿಗೆ ಇರುಳು ಬೀಳುವವರುಂಟು, ಇಲ್ಲಿ ಊರಿಗೆ ಊರೇ ಹಗಲು ಕಂಡ ಬಾವಿಯನ್ನು ಮರೆತು ಕೂತಿದೆ ಎಂದು ಗಡಿಯಾರ ಗೊಣಗಿದ. ಪಂಚನಾಮೆಯ ಎರಡನೇ ಪುಟ ಬರೆಯುವಾಗ ದಿಣ್ಣೆಯ ಕೆಳಗಿನಿಂದ ಸೈಕಲ್ ತಳ್ಳಿಕೊಂಡು ಒಬ್ಬ ಬಂದ. ಹಿಂದಿನ ಕ್ಯಾರಿಯರಿನಲ್ಲಿ ಬಾಟಲಿಯ ಪೆಟ್ಟಿಗೆ, ಹ್ಯಾಂಡಲಿಗೆ ಪೊರಕೆ. ಅವನು ಪೊಲೀಸರನ್ನು ನೋಡಿದ, ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಥರ್ಮಾಮೀಟರನ್ನು ನೋಡಿದ. ಸೈಕಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿದ.

“ಇಪ್ಪತ್ತೆರಡೂವರೆ ಬಂತಾ ಮೇಡಂ?”

“ಬಂತು.”

“ಬರುತ್ತೆ. ವರ್ಷವಿಡೀ ಅಷ್ಟೇ.”

“ಐದು ವಾರದ ಹಿಂದೆ ಹದಿನಾಲ್ಕು ಬಾಟ್ಲಿಯನ್ನೂ ಇಲ್ಲೇ ತುಂಬಿದ್ರಾ?”

“ತುಂಬಿದೆ.”

“ಯಾಕೆ?”

ಅವನು ಹ್ಯಾಂಡಲಿನ ಪೊರಕೆ ಬಿಚ್ಚತೊಡಗಿದ. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹತ್ತಿರ ಹೋದಳು.

“ಸರಿ, ಅದನ್ನ ಆಮೇಲೆ ಕೇಳ್ತೀನಿ. ಹನ್ನೆರಡನೇ ಬಾವಿ ಮನೆ ಕೂಸು ಆಸ್ಪತ್ರೇಲಿದೆ. ಮೈ ನೀಲಿಯಾಗಿದೆ.”

“ಹನ್ನೆರಡರಲ್ಲಿ ಕೂಸಿಲ್ಲವಲ್ಲ!” ಮಾತು ಅವನ ಬಾಯಿಂದ ಹಾರಿಯೇ ಬಂತು. “ಅಲ್ಲಿರೋದು ಅಜ್ಜಿ ಒಬ್ಬರೇ!”

“ಮಗಳು ಬಂದಿದಾಳೆ. ಮೂರು ವಾರ ಆಯ್ತು.”

ಬಾಟಲಿಯಣ್ಣ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಯಾವ ಮನೆಯಲ್ಲಿ ಹಸುಗೂಸಿದೆ, ಯಾರು ಬಸುರಿ, ಎಲ್ಲ ಇವನ ತಲೆಯಲ್ಲಿತ್ತು ಎಂಬುದು ಇನ್ಸ್‌ಪೆಕ್ಟರಿಗೆ ಆ ಒಂದು ಕೂಗಿನಲ್ಲಿ ತಿಳಿಯಿತು.

“ನಿಮಗೆ ಯಾವ್ಯಾವ ಬಾವಿ ಕೆಟ್ಟಿದೆ ಅಂತ ಗೊತ್ತಿತ್ತು. ಪಟ್ಟಿ ಅದ್ದಿ ನೋಡಿದ್ರಿ. ಹೌದಾ?”

“ಹೌದು.”

“ಲ್ಯಾಬಿನ ಯಂತ್ರ ಕೆಟ್ಟಿದೆ, ಬುಧವಾರ ಬರುತ್ತೆ. ಕೂಸುಗಳಿಗೆ ಎರಡು ಗಂಟೆಗೊಂದು ಸಲ ಹಸಿವಾಗುತ್ತೆ. ಈಗ ಹೇಳಿ.”

“ಮೂರು, ಏಳು, ಹನ್ನೆರಡು, ಹದಿಮೂರು.” ಅವನು ಎದ್ದು ನಿಂತ. “ಮೂರರಲ್ಲೂ ಏಳರಲ್ಲೂ ಕೂಸಿದೆ. ಆ ತಾಯಂದಿರಿಗೆ ಗುಟ್ಟಾಗಿ ಹೇಳಿದೀನಿ, ಒಂದನೇ ಬಾವಿಯಿಂದ ತನ್ನಿ ಅಂತ. ಹದಿಮೂರರಲ್ಲಿ ಬಸುರಿ ಇದಾಳೆ, ಅವಳಿಗೆ ಹೇಳಿಲ್ಲ, ಹೆರಿಗೆ ಆದ ಮೇಲೆ ಹೇಳಿದರಾಯ್ತು ಅಂತಿದ್ದೆ. ಹೋಗಿ ಹೇಳಿ ಮೇಡಂ. ಮೊದಲು ಹೋಗಿ.”

ಗಡಿಯಾರ ಜೀಪು ಓಡಿಸಿಕೊಂಡು ಹೋದ. ಐದು ನಲವತ್ತರಿಂದ ಆರು ಇಪ್ಪತ್ತರೊಳಗೆ ನಾಲ್ಕು ಮನೆಗೂ ಮಾತು ಮುಟ್ಟಿತು. ಮೂರನೇ ಮನೆಯ ತಾಯಿ ಬಾಟಲಿಯಣ್ಣ ಹೇಳಿದಂತೆ ಒಂದನೇ ಬಾವಿಯ ನೀರೇ ತರುತ್ತಿದ್ದಳು. ಏಳನೇ ಮನೆಯವಳು ಹತ್ತು ದಿನ ತಂದು, ಸರ್ಕಾರದ ಕಾಗದದಲ್ಲಿ ಯೋಗ್ಯ ಅಂತಿರುವಾಗ ಯಾಕೆ ಅಷ್ಟು ದೂರ ಹೊರಬೇಕು ಎಂದು ನಿಲ್ಲಿಸಿದ್ದಳು. ಗಡಿಯಾರ ಹೋದಾಗ ಅವಳ ಕೈಯಲ್ಲಿ ಹಾಲಿನ ಸೀಸೆ ಇತ್ತು, ಕೂಸಿನ ತುಟಿ ಆಗಲೇ ತುಸು ಕಪ್ಪಿಟ್ಟಿತ್ತು. ತಾಯಿ ಮಗು ಇಬ್ಬರನ್ನೂ ಜೀಪಿನಲ್ಲೇ ಆಸ್ಪತ್ರೆಗೆ ಸೇರಿಸಿದ. ಸೇರಿಸಿದ ಹೊತ್ತನ್ನು ಬರೆಯುವುದನ್ನು ಅವನು ಮರೆತಿದ್ದ. ಅವನ ಸರ್ವಿಸಿನಲ್ಲಿ ಅದು ಮೊದಲ ಸಲ.

ಆರು ಐದಕ್ಕೆ, ಬಾವಿಯ ಬಳಿಯೇ, ಸುಳ್ಳು ದಾಖಲೆ ಸೃಷ್ಟಿಸಿ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಬಾಟಲಿಯಣ್ಣನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಯಾವ ನೆವವನ್ನೂ ಹೇಳಲಿಲ್ಲ.

“ಒಂಬತ್ತು ವರ್ಷದ ಹಿಂದೆ ತಂಗಿ ಬಾವಿ ನೂರ ಹತ್ತು ತೋರಿಸ್ತು. ನಿಯಮ ನಿಯಮವೇ ಅಂತ ಕೆಂಪು ಬಳಿದೆ. ಮಾರನೇ ದಿನದಿಂದ ಅವರ ಹಸುವಿನ ಹಾಲು ಯಾರೂ ತಗೊಳ್ಳಲಿಲ್ಲ. ಅವಳ ಹೆಣ್ಣುಮಕ್ಕಳ ಜೊತೆ ಯಾರೂ ಆಡಲಿಲ್ಲ. ಕೆಟ್ಟ ನೀರಿನ ಮನೆ ಅಂದರು. ನೀರು ಕೆಟ್ಟಿದ್ದು ಎಲ್ಲರ ಹೊಲದ ಗೊಬ್ಬರದಿಂದ, ಹೆಸರು ಕೆಟ್ಟಿದ್ದು ಅವಳೊಬ್ಬಳದು. ಆರು ತಿಂಗಳಿಗೆ ಬಾಗಿಲು ಹಾಕ್ಕೊಂಡು ಹೋದಳು. ನನಗೆ ಒಂದು ಮಾತೂ ಹೇಳಲಿಲ್ಲ.”

“ಆಮೇಲೆ?”

“ಸುತ್ತ ಬೇಸಾಯ ನಿಂತ ಮೇಲೆ ಆ ನೀರು ವರ್ಷ ವರ್ಷ ಸುಧಾರಿಸ್ತಾ ಬಂತು. ತೊಂಬತ್ತು, ಅರವತ್ತು, ಇಪ್ಪತ್ತು, ಆರು. ಈಗ ಊರಿಗೇ ಒಳ್ಳೇ ಬಾವಿ ಅದು. ಬರೋರು ಮಾತ್ರ ಬರಲಿಲ್ಲ. ಈ ವರ್ಷ ನಾಲ್ಕು ಮನೆ ಬಾವಿ ಕೆಟ್ಟಿದ್ದು ಕಂಡಾಗ ಬಣ್ಣದ ಡಬ್ಬ ಕೈಗೆತ್ತೋಕೇ ಆಗಲಿಲ್ಲ ಮೇಡಂ. ಒಂದು ಮನೆ ಹೆಸರೂ ಕೆಡೋದು ಬೇಡ ಅಂತ ಹದಿನಾಲ್ಕು ಬಾಟ್ಲಿಗೂ ತಂಗಿ ಬಾವಿ ನೀರೇ ತುಂಬಿದೆ. ಕೂಸಿರೋ ಮನೆಗೆ ಹೇಳಿದರೆ ಸಾಕು, ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅಂದ್ಕೊಂಡೆ.”

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಎರಡೂ ಕೂಸುಗಳ ಮೈಬಣ್ಣ ಮೊದಲಿನಂತಾಗಿತ್ತು. ನೀಲಿಯಾದ ಮಗುವಿಗೆ ಕೊಡುವ ಔಷಧಿಯೂ ನೀಲಿಯೇ ಎಂದು ಡಾಕ್ಟರ್ ಹೇಳಿದಾಗ ಇನ್ಸ್‌ಪೆಕ್ಟರ್ ಮತ್ತೆ ಮೂರು ಪ್ರಶ್ನೆ ಕೇಳಿ, ಫೋನ್ ಇಡಲು ಮನಸ್ಸಿಲ್ಲದೆ ಇಟ್ಟಳು. ಅಜ್ಜಿಯ ಅಳಿಯನನ್ನು ಕರೆಸಿ, ಬಾಟಲಿಯಣ್ಣನ ಹೇಳಿಕೆಯ ಪ್ರತಿ ಅವನ ಕೈಗಿತ್ತು, “ಸುಳ್ಳು ಹೇಳಿದ್ದು ಕಾಗದ. ನಿಮ್ಮತ್ತೆ ಕೈ ಅಲ್ಲ. ಇದನ್ನ ಅವರ ಮುಂದೆ ನೀವೇ ಓದಿ,” ಎಂದಳು. ಅವನು ತಲೆ ತಗ್ಗಿಸಿ ಹೋದ.

ಒಂಬತ್ತನೇ ಬಾವಿಯ ಮಾಲೀಕಳ ಹೇಳಿಕೆ ಬಾಕಿ ಇತ್ತು. ಆಕೆ ಈಗಿರುವ ಊರಿನ ಠಾಣೆಯವರು ಅದನ್ನು ಬರೆದುಕೊಂಡು ಹತ್ತೂಕಾಲಿಗೆ ಕಳುಹಿಸಿದರು. ಮಧ್ಯಾಹ್ನ ಬಾಟಲಿಯಣ್ಣನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಅದಕ್ಕೆ ಮೊದಲು ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ಓದಿ ಹೇಳಬೇಕೆಂಬ ನಿಯಮವೇನೂ ಇರಲಿಲ್ಲ. ಆದರೂ ಓದಿದಳು.

‘ನನ್ನ ಅಣ್ಣ ಕೆಂಪು ಬಳಿದದ್ದಕ್ಕೆ ನನಗೆ ಸಿಟ್ಟಿಲ್ಲ. ಆಗ ನನ್ನ ಚಿಕ್ಕ ಮಗಳಿಗೆ ಒಂದು ವರ್ಷ, ಆ ಗೆರೆ ನೋಡಿಯೇ ನೀರು ಬದಲಾಯಿಸಿದೆವು. ಆದರೆ ಅವನು ಬಣ್ಣ ಬಳಿದು ಹಿತ್ತಿಲಿಂದಲೇ ಹೋದ. ಒಳಗೆ ಬರಲಿಲ್ಲ. ಆರು ತಿಂಗಳು ಊರೆಲ್ಲ ನಮ್ಮನ್ನು ದೂರವಿಟ್ಟಾಗಲೂ ಅವನು ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ. ಅವನೊಬ್ಬ ಬಂದು ನಮ್ಮ ಮನೆಯಲ್ಲಿ ಕೂತು ಒಂದು ಲೋಟ ಹಾಲು ಕುಡಿದಿದ್ದರೆ ನಾವು ಊರು ಬಿಡುತ್ತಿರಲಿಲ್ಲ. ಒಂಬತ್ತು ವರ್ಷ ಬಾವಿಕಟ್ಟೆ ಗುಡಿಸಿದನೆಂದು ಈಗ ಪೊಲೀಸರಿಂದ ಕೇಳುತ್ತಿದ್ದೇನೆ. ನನಗೆ ಒಂದು ಫೋನ್ ಮಾಡಲಿಲ್ಲ.’

ಬಾಟಲಿಯಣ್ಣ ಎದ್ದು ಬಂದು ಸರಳು ಹಿಡಿದ. ನಿಜ ಬರೆದದ್ದೇ ತನ್ನ ತಪ್ಪು ಎಂದು ಒಂಬತ್ತು ವರ್ಷ ನಂಬಿಕೊಂಡು ಬಂದಿದ್ದ ಮನುಷ್ಯ ಅವನು. ಇನ್ಸ್‌ಪೆಕ್ಟರಿಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ. ಹಾಳೆ ಮಡಿಚಿ ಎದ್ದಳು.

“ಮೇಡಂ, ಕೇಸು ನಡೆಯುವಾಗ ಅವಳೂ ಬರ್ತಾಳಾ?”

“ಬಾವಿ ಅವರದು. ನಿಮ್ಮ ವಿರುದ್ಧ ಸಾಕ್ಷಿ ಹೇಳಬೇಕಾಗುತ್ತೆ. ಕೋರ್ಟಿಂದ ಸಮನ್ಸ್ ಹೋಗುತ್ತೆ, ಬರಲ್ಲ ಅನ್ನೋ ಹಾಗಿಲ್ಲ.”

“ಹಾಗಾದ್ರೆ ಬರ್ತಾಳೆ,” ಎಂದ ಬಾಟಲಿಯಣ್ಣ. ಆಮೇಲೆ ಗಡಿಯಾರನನ್ನು ಕರೆದು, ಕೋರ್ಟಿಗೆ ಹೊರಡುವ ಮುಂಚೆ ಮುಖ ತೊಳೆಯಲು ಒಂದು ಚೊಂಬು ನೀರು ಕೇಳಿದ.